ಆ ನೀಲಿ ಕೋಟು

ಪುಟ್ಟಿ,

ನಾಳೆ ರಾತ್ರಿ ನಿನ್ನ ಕೊನೇ ನ್ಯೂಸ್. ಭಾನುವಾರದಿಂದ ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏನೇನು ಮಾತಾಯಿತು ಅಂತ ಮತ್ತೆ ಬರೆಯುವುದಿಲ್ಲ. ಆದರೆ ಟಿವಿ ಕೆಲಸ ಬಿಟ್ಟು, ನೆರೆ ಬಂದ ಕಡೆ ಮನೆ ಕಟ್ಟಿಸುವ ಸಂಸ್ಥೆಗೆ ದುಡ್ಡು ಕೂಡಿಸೋಕೆ ಹೋಗುತ್ತೇನೆ ಅಂತ ನೀನು ಹೇಳಿದಾಗ ನಾನು "ಓದಿಸಿದ್ದು ಚಂದಾ ಎತ್ತೋಕಾ" ಅಂದೆನಲ್ಲ, ಅದು ತಪ್ಪು ಮಗಳೇ.

ಗೀತಾಂಜಲಿ ಅಯ್ಯರ್ ಅಂತ ದೂರದರ್ಶನದಲ್ಲಿ ಇಂಗ್ಲಿಷ್ ವಾರ್ತೆ ಓದುತ್ತಿದ್ದರು. 1971ರಲ್ಲಿ ಸೇರಿದವರು. ನಾಲ್ಕು ಸಲ ಅತ್ಯುತ್ತಮ ವಾರ್ತಾವಾಚಕಿ ಪ್ರಶಸ್ತಿ ಬಂದಿತ್ತು. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಪಕ್ಕದ ಮನೆಯ ಟಿವಿ ಮುಂದೆ ಕೂತು ಅವರು ಮಾತಾಡುವುದನ್ನೇ ನೋಡುತ್ತಿದ್ದೆ. ನಿನಗೆ ಅ-ಹ, ಲ-ಳ ತಿದ್ದಿ ತಿದ್ದಿ ಅಳು ಬರಿಸಿದ್ದು ಅದೇ ಹುಚ್ಚಿಗೆ. ಅವರು 2023ರ ಜೂನ್‌ನಲ್ಲಿ ತೀರಿಕೊಂಡಾಗ ಪೇಪರಿನಲ್ಲಿ ಓದಿದೆ, ಡಬ್ಲ್ಯೂಡಬ್ಲ್ಯೂಎಫ್ ಅನ್ನುವ ವನ್ಯಜೀವಿ ಸಂಸ್ಥೆಗಾಗಿ ದೊಡ್ಡ ದಾನಿಗಳ ಹತ್ತಿರ ದುಡ್ಡು ಕೂಡಿಸುವ ಕೆಲಸವನ್ನೂ ಮಾಡಿದ್ದರಂತೆ. ಕಾಡು, ಪ್ರಾಣಿ ಉಳಿಯಲಿ ಅಂತ. ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ. ಅದೇ ಕೆಲಸಕ್ಕೆ ನೀನು ಹೊರಟರೆ ನನ್ನ ಬಾಯಲ್ಲಿ ಬಂದದ್ದು ಚಂದಾ.

2024ರ ಜುಲೈ 16 ನೆನಪಿದೆಯಾ? ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದ ದಿನ. ರಸ್ತೆ ಪಕ್ಕದ ಚಹಾ ಅಂಗಡಿಯೂ ಹೋಯಿತು, ಮಣ್ಣು ಗಂಗಾವಳಿ ನದಿವರೆಗೂ ನುಗ್ಗಿತ್ತು. ನೀನು ಗಂಟೆಗಟ್ಟಲೆ ಅದನ್ನೇ ಓದಿದೆ, ಒಂದು ಅಕ್ಷರ ತಡವರಿಸಲಿಲ್ಲ. ನಾನು ಹೆಮ್ಮೆಯಿಂದ ಅಪ್ಪನಿಗೆ ತೋರಿಸುತ್ತಿದ್ದೆ. ರಾತ್ರಿ ಹನ್ನೆರಡು ದಾಟಿದ ಮೇಲೆ ನೀನು ಫೋನ್ ಮಾಡಿದೆ. "ಅಮ್ಮಾ" ಅಂದು ಸುಮ್ಮನಾದೆ. ನಾನು, "ನೀಲಿ ಕೋಟು ನಿನಗೆ ತುಂಬಾ ಚೆನ್ನಾಗಿ ಒಪ್ಪುತ್ತೆ ಕಣೇ" ಅಂದೆ. ನೀನು "ಹೂಂ" ಅಂದೆ. ಊಟ ಆಯ್ತಾ ಅಂತಲೂ ಕೇಳಲಿಲ್ಲ ನಾನು. ಅಷ್ಟೊಂದು ಸಾವು ಓದಿ ಬಂದ ಮಗುವಿಗೆ ಕೋಟಿನ ಮಾತು. ಲಾರಿ ಸಮೇತ ನದಿಯಲ್ಲಿ ಹೋದ ಆ ಡ್ರೈವರ್‌ನ ಶವ ಸೆಪ್ಟೆಂಬರ್ ಕೊನೆಗೆ ಸಿಕ್ಕಿದಾಗಲೂ ನೀನೇ ಓದಿದೆ. ಅವತ್ತು ಫೋನ್ ಬರಲಿಲ್ಲ. ಬರಲಿಲ್ಲ ಅನ್ನುವುದು ನನಗೆ ಹೊಳೆದದ್ದೇ ಈ ವಾರ. ರಾತ್ರಿ ಎದ್ದು ಎದ್ದು ಅದನ್ನೇ ಯೋಚಿಸುತ್ತೇನೆ.

ಭಯ ಮಾತ್ರ ಹೋಗಿಲ್ಲ. ಸಂಬಳ ಅರ್ಧ ಅಂದೆ ನೀನು. ಪಿಎಫ್ ದುಡ್ಡು ತೆಗೆಯಬೇಡ. ಆರೋಗ್ಯ ವಿಮೆಯನ್ನು ಕೆಲಸ ಬಿಡುವ ಮೊದಲೇ ನಿನ್ನ ಹೆಸರಲ್ಲಿ ಮಾಡಿಸಿಕೋ. ನೆರೆ ಬಂದ ಕಡೆ ಮನೆ ಕಟ್ಟಿಸುವುದು ಒಳ್ಳೆಯದೇ, ಆದರೆ ಜನ ನಿನ್ನ ಮುಖ ನೋಡಿ ದುಡ್ಡು ಕೊಡುತ್ತಾರೆ, ಸಂಸ್ಥೆ ನೋಡಿ ಅಲ್ಲ. ಹಾಗಾಗಿ ಲೆಕ್ಕ ನೀನೇ ನೋಡು. ಹತ್ತು ರೂಪಾಯಿಗೂ ರಸೀದಿ ಕೊಡು. ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ ಆ ಸಂಸ್ಥೆಗೆ ಇದೆಯಾ ವಿಚಾರಿಸು. ಯಾರ ಖಾಸಗಿ ಖಾತೆಗೂ ಹಾಕಿಸಬೇಡ, ನಿನ್ನದಕ್ಕಂತೂ ಬೇಡವೇ ಬೇಡ. ಜಾಸ್ತಿ ಹೇಳಿದೆ, ಗೊತ್ತು. ಮೇಷ್ಟ್ರ ಕೆಲಸ ಮಾಡಿದವಳು, ಬಾಯಿ ನಿಲ್ಲುವುದಿಲ್ಲ.

ನಾಳೆ ನ್ಯೂಸ್ ಪೂರ್ತಿ ನೋಡುತ್ತೇನೆ. ಆಮೇಲೆ ಟಿವಿ ಆರಿಸಿ ಫೋನ್ ಪಕ್ಕ ಕೂತಿರುತ್ತೇನೆ, ಎಷ್ಟು ಹೊತ್ತಾದರೂ ಸರಿ. ಅವತ್ತು "ಅಮ್ಮಾ" ಅಂದ ಮೇಲೆ ಏನು ಹೇಳಬೇಕು ಅಂತಿದ್ದೆ?

ಅಮ್ಮ