ಕನಸಿನ ಹಿಂದೆ ಹೋಗೋದು ಸ್ವಾರ್ಥ ಅಲ್ವಾ ಅಂತ ಕೇಳಿದ್ಯಲ್ಲ ಪುಟ್ಟಿ

ಪುಟ್ಟಿ,

ನಿನ್ನ ಮೆಸೇಜ್ ಮೂರು ಸಲ ಓದ್ದೆ. ಚಿತ್ರ ಬರೀಬೇಕು ಅನ್ನೋದು ಚಿಕ್ಕಂದಿನಿಂದ ಇರೋ ಕನಸು, ಆದ್ರೆ ಆಸೆ ಬಿಟ್ರೇನೇ ಅಧ್ಯಾತ್ಮ ಅಂತಾರಲ್ಲ, ಹಾಗಿದ್ರೆ ಇದು ಸ್ವಾರ್ಥ ಅಲ್ವಾ ದೊಡ್ಡಪ್ಪ ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೆ ಬರೀತಿದೀನಿ.

ನನ್ನ ಕಥೆನೇ ತಗೋ. ರಿಟೈರ್ ಆಗೋಕೆ ನಾಲ್ಕು ವರ್ಷ ಇದ್ದಾಗ ಪಿಟೀಲು ಕಲಿಯೋಕೆ ಕೂತೆ. ತಲೇಲಿ ಇದ್ದಿದ್ದು ಸಂಗೀತ ಅಲ್ಲ, ಸ್ಟೇಜು. ಜನ ಭೇಷ್ ಅನ್ಬೇಕು, ಅಷ್ಟೇ. ಮೇಷ್ಟ್ರು ನೋಡಿದ್ರೆ ಆರು ತಿಂಗಳು ಸರಳೆ ವರಸೆ, ಅಂದ್ರೆ ಸ ರಿ ಗ ಮದ ಮೊದಲ ಪಾಠ, ದಾಟೋಕೇ ಬಿಡ್ಲಿಲ್ಲ, ಕಮಾನು ತಂತಿ ಮೇಲೆ ಇಟ್ರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ. ಪಕ್ಕದಲ್ಲಿ ಕೂತು ಕಲೀತಿದ್ದ 11 ವರ್ಷದ ಹುಡುಗ ನನಗಿಂತ ಮೊದ್ಲು ಮುಂದಿನ ಪಾಠ ಜಂಟಿ ವರಸೆಗೆ ಹೋದ, ಆವತ್ತು ಹೊಟ್ಟೆ ಉರೀತು ನೋಡು, 56ರ ಮುದುಕನಿಗೆ ಆ ಮಗು ಮೇಲೆ! ಎಷ್ಟೋ ವರ್ಷ ಧ್ಯಾನ ಅಂತ ಕಣ್ಮುಚ್ಚಿ ಕೂತೋನು ನಾನು, ಒಳಗೆ ಇಂಥದೊಂದು ಇದೆ ಅಂತ ಗೊತ್ತೇ ಇರ್ಲಿಲ್ಲ, ಪಿಟೀಲು ಅದನ್ನ ಎಳೆದು ಹೊರಗೆ ಹಾಕ್ತು.

ಗಾಂಧಾರ, ಅಂದ್ರೆ ‘ಗ’ ಸ್ವರ, ಪ್ರತಿ ಸಲ ಒಂಚೂರು ಕೆಳಗೆ ಬೀಳ್ತಿತ್ತು. ಒಂದಿನ ಬೆಳಗ್ಗೆ ಬೆರಳನ್ನ ಕೂದಲೆಳೆಯಷ್ಟು ಸರಿಸಿದೆ, ಸ್ವರ ಹೋಗಿ ಶ್ರುತಿ ಪೆಟ್ಟಿಗೆ ಜೊತೆ ಸೇರ್ಕೊಂಡ್ಬಿಡ್ತು, ಪಿಟೀಲಿನ ಮರ ಎದೆಗೆ ತಾಗಿದ್ದ ಕಡೆ ಝುಂ ಅಂತು. ಎರಡೇ ಸೆಕೆಂಡು. ಅಷ್ಟು ಹೊತ್ತು ಸ್ಟೇಜೂ ನೆನಪಿಲ್ಲ, ಆ ಹುಡುಗಾನೂ ನೆನಪಿಲ್ಲ.

ಬಯಾಲಜಿಲಿ ಬಟಾಣಿ ಗಿಡದ ಮೆಂಡೆಲ್ ಬರ್ತಾನಲ್ಲ, ಅವನು ಮಠದ ಸನ್ಯಾಸಿ. ಟೀಚರ್ ಪರೀಕ್ಷೆ ಎರಡು ಸಲ ಕೂತ್ರೂ ಪಾಸಾಗ್ಲಿಲ್ಲ. 1856ರಿಂದ ಸುಮಾರು ಎಂಟು ವರ್ಷ ಮಠದ ತೋಟದಲ್ಲಿ ಸಾವಿರಾರು ಗಿಡ ಬೆಳೆಸಿ, ಹೂವಿಗೆ ಕೈಯಾರೆ ಪರಾಗ ಹಚ್ಚಿ, ಯಾವ ಕಾಳು ದುಂಡಗಿದೆ ಯಾವುದು ಸುಕ್ಕಾಗಿದೆ ಅಂತ ಎಣಿಸ್ತಾ ಹೋದ. ಒಂದು ಪೀಳಿಗೆಯ ಗುಣ ಮುಂದಿನದಕ್ಕೆ ಹೇಗೆ ಇಳಿಯುತ್ತೆ ಅಂತ ಅವನು ಕಂಡ್ಕೊಂಡಿದ್ದು 1866ರಲ್ಲಿ ಅಚ್ಚಾಯ್ತು, ಹೆಚ್ಚು ಜನ ಕ್ಯಾರೇ ಅನ್ನಲಿಲ್ಲ. 1884ರಲ್ಲಿ ತೀರ್ಕೊಂಡ, ಜಗತ್ತು ಎಚ್ಚೆತ್ತಿದ್ದು 1900ರಲ್ಲಿ. ನನಗೇನೋ ಅವನು ಕಾಳು ಎಣಿಸಿದ್ದೂ ಜಪಮಣಿ ಎಣಿಸಿದ್ದೂ ಒಂದೇ ಥರ ಕಾಣುತ್ತೆ.

ಗೀತೆಲಿ ಫಲ ಬಯಸ್ಬೇಡ ಅನ್ನೋದನ್ನ ಎಲ್ರೂ ಹೇಳ್ತಾರೆ. 3ನೇ ಅಧ್ಯಾಯದ 35ನೇ ಶ್ಲೋಕಾನೂ ಒಂದ್ಸಲ ನೋಡು, ಇನ್ನೊಬ್ಬರ ಧರ್ಮಾನ, ಅಂದ್ರೆ ಅವರ ಪಾಲಿನ ಕೆಲಸಾನ, ಚೆನ್ನಾಗಿ ಮಾಡೋದಕ್ಕಿಂತ ನಿಂದನ್ನ ಅರೆಬರೆಯಾಗಿ ಮಾಡೋದೇ ಮೇಲು ಅಂತ. ಅದನ್ನ ಜಾತಿ ಲೆಕ್ಕಕ್ಕೆ ಎಳೆದೋರು ಬೇಕಾದಷ್ಟು ಜನ ಇದ್ದಾರೆ, ನಾನು ಹಾಗೆ ಓದಲ್ಲ.

ಈಗ ನಿನ್ನ ವಿಷಯ. ಕೆಲಸ ಈಗ್ಲೇ ಬಿಡ್ಬೇಡ. ಹೊಟ್ಟೆಪಾಡಿನ ಚಿಂತೆ ಇಟ್ಕೊಂಡು ಬ್ರಷ್ ಹಿಡಿದ್ರೆ ಯಾವ ಚಿತ್ರ ಮಾರಾಟ ಆಗುತ್ತೆ ಅನ್ನೋ ಲೆಕ್ಕಾನೇ ಕೈ ನಡೆಸುತ್ತೆ. ನೂರು ದಿನ, ದಿನಕ್ಕೊಂದು ಗಂಟೆ, ಯಾರಿಗೂ ತೋರಿಸದೆ ಸ್ಟೇಟಸ್‌ಗೆ ಹಾಕದೆ ಬರಿ. ಲೈಕ್ ಇಲ್ದೆ ಸಪ್ಪೆ ಅನ್ಸಿದ್ರೆ ಅದೂ ಗೊತ್ತಾಗ್ಲಿ, ತಪ್ಪೇನಿಲ್ಲ, ನನಗೂ ಹಾಗೇ ಆಗಿತ್ತು.

ಇನ್ನು ಸ್ವಾರ್ಥ ಅಂದ್ಯಲ್ಲ, ಅದು ಇಲ್ಲದೇ ಇಲ್ಲ. ನಿನ್ನ ದೊಡ್ಡಮ್ಮ ಜ್ವರ ಬಂದು ಮಲಗಿದ್ದಾಗ ನಾನು ಸಾಧನೆ ತಪ್ಪಬಾರದು ಅಂತ ರೂಮಿನ ಬಾಗಿಲು ಹಾಕ್ಕೊಂಡು ಕೂತಿದ್ದೆ. ಆಮೇಲೆ ಹೊರಗೆ ಬಂದ್ರೆ ಅವಳೇ ಗೋಡೆ ಹಿಡ್ಕೊಂಡು ನೀರು ತಗೊಳ್ಳೋಕೆ ಹೋಗ್ತಿದ್ಲು. ಒಂದು ಮಾತೂ ಅನ್ನಲಿಲ್ಲ. ಈಗಲೂ ಬಾಗಿಲು ತೆರೆದಿಟ್ಟೇ ನುಡಿಸ್ತೀನಿ.

ನೂರು ದಿನ ಆದ್ಮೇಲೆ ಬಾ. ಚೆನ್ನಾಗಿ ಬಂದಿರೋ ಚಿತ್ರ ಬೇಡ, ಹರಿದು ಬಿಸಾಕ್ಬೇಕು ಅನ್ನಿಸಿದ್ದನ್ನ ತಗೊಂಡು ಬಾ. ನಾನೂ ಪಿಟೀಲು ನುಡಿಸ್ತೀನಿ, ನೀನು ಕಿವಿ ಮುಚ್ಕೊಂಡ್ರೆ ಬೇಜಾರಿಲ್ಲ.

ನಿನ್ನ
ದೊಡ್ಡಪ್ಪ