ಮಗಳಿಗೊಂದು ಪತ್ರ: ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಬಾಯಿ ಬಿಡು

ಪುಟ್ಟೀ,

ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್ ಹೇಗೆ ನಡೀತಿದೆ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ನೀನು, "ಹೊಸದೇನೂ ಇಲ್ಲ ಅಪ್ಪಾ, ನಾನು ಕೋರ್ಟಿನಲ್ಲಿ ಮಾತೇ ಆಡೋದಿಲ್ಲವಂತೆ, ಮೇಡಂ ಅದನ್ನೇ ಹೇಳ್ತಾರೆ" ಅಂದೆ. ಆಮೇಲೆ ಪ್ರಾಕ್ಟೀಸಿಗೆ ಹೊತ್ತಾಯಿತು ಅಂತ ಫೋನ್ ಇಟ್ಟುಬಿಟ್ಟೆ. ಅದಕ್ಕೆ ನಾನು ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಬಿಡುವಾದಾಗ ಓದಿಕೋ.

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ನಿಮ್ಮ ಕೋಚ್ ಮೇಡಂ ಪರ.

ಹೋದ ವರ್ಷ ನಿಮಗೆ ಈ ತೊಂದರೆ ಇರಲಿಲ್ಲ ಅಲ್ವಾ? ಕ್ಯಾಪ್ಟನ್ ಇದ್ದಳು. ಎದುರಿನವರ ಕೈಗೆ ಬಾಲ್ ಬಂದ ಕೂಡಲೇ ಅವಳ ಬಾಯಿ ಶುರುವಾಗುತ್ತಿತ್ತು. ಬಾಲ್ ಇರುವವಳನ್ನು ಯಾರು ಕಾಯಬೇಕು, ಯಾರು ಹೆಲ್ಪಿಗೆ ಬರಬೇಕು, ಯಾರ ಬೆನ್ನ ಹಿಂದೆ ಯಾರು ಓಡುತ್ತಿದ್ದಾರೆ, ಎಲ್ಲ ಅವಳೇ ಕೂಗಿ ಹೇಳುತ್ತಿದ್ದಳು. ನೀವು ನಾಲ್ಕು ಜನ ಕಿವಿಗೊಟ್ಟು ಓಡಿದರೆ ಸಾಕಾಗಿತ್ತು. ಈಗ ಅವಳ ಡಿಗ್ರಿ ಮುಗಿಯಿತು, ಹೋದಳು. ಕಾಲೇಜು ಟೀಮಿನ ಪಾಡೇ ಇಷ್ಟು. ಐದು ಜನರ ಆಟ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಇಬ್ಬರು ಓದು ಮುಗಿಸಿ ಹೊರಟಿರುತ್ತಾರೆ. ಹೋದವಳು ಮ್ಯಾಚಿಗೆ ಎಷ್ಟು ಪಾಯಿಂಟ್ ಹಾಕುತ್ತಿದ್ದಳು, ರಿಂಗಿಗೆ ಬಡಿದು ವಾಪಸ್ ಬಂದ ಬಾಲ್, ಅಂದರೆ ರೀಬೌಂಡ್, ಎಷ್ಟು ತರುತ್ತಿದ್ದಳು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಅವಳ ಗಂಟಲಿನ ಲೆಕ್ಕ ಯಾರ ಹತ್ತಿರವೂ ಇಲ್ಲ.

"ಟೇಬಲ್ ಹಿಂದೆ ಕೂತು ಸ್ಕೋರ್ ಬರೆಯೋ ನಿಮಗೇನಪ್ಪಾ ಗೊತ್ತು" ಅಂತ ನೀನು ಅನ್ನಬಹುದು. ಅಲ್ಲಿ ಕೂತದ್ದಕ್ಕೇ ಗೊತ್ತು ಕಣೇ. ಸ್ಕೋರ್‌ಶೀಟಿನಲ್ಲಿ ಒಂದು ಮತ್ತು ಮೂರನೇ ಕ್ವಾರ್ಟರ್ ಕೆಂಪು ಪೆನ್ನಿನಲ್ಲಿ, ಎರಡು ಮತ್ತು ನಾಲ್ಕು ನೀಲಿ ಅಥವಾ ಕಪ್ಪು ಪೆನ್ನಿನಲ್ಲಿ ಬರೆಯುತ್ತೇವೆ. ಬ್ಯಾಸ್ಕೆಟ್ ಬಿದ್ದರೆ ಟೀಮಿನ ಆಗಿನ ಒಟ್ಟು ಸ್ಕೋರಿನ ಅಂಕಿಯ ಮೇಲೊಂದು ಓರೆ ಗೆರೆ. ಮೂರು ಪಾಯಿಂಟಿನದಾದರೆ ಹಾಕಿದವಳ ನಂಬರಿಗೆ ಒಂದು ಸುತ್ತು. ಫ್ರೀ ಥ್ರೋ, ಅಂದರೆ ಫೌಲಿಗೆ ಬದಲಾಗಿ ಸಿಗುವ ಅಡ್ಡಿಯಿಲ್ಲದ ಎಸೆತ, ಬಿದ್ದರೆ ಒಂದು ದಪ್ಪ ಚುಕ್ಕೆ. ಫೌಲ್ ಆದರೆ ಹೆಸರಿನ ಮುಂದೆ 'ಪಿ', ಅದರಿಂದ ಎದುರಿನವರಿಗೆ ಎರಡು ಥ್ರೋ ಸಿಕ್ಕಿದ್ದರೆ ಪಕ್ಕದಲ್ಲೇ ಸಣ್ಣದಾಗಿ 2. ಮಾತಿಗೆ ಅಂತ ಒಂದು ಮನೆ ಇಲ್ಲ. ಆದರೆ ಮಾತಾಡದ ಟೀಮು ಯಾವುದು ಅಂತ ನನಗೆ 'ಪಿ'ಗಳಲ್ಲೇ ಕಾಣುತ್ತದೆ. ಯಾರೂ ಕೂಗದಿದ್ದರೆ ಹೆಲ್ಪಿಗೆ ಬರುವವಳು ಅರ್ಧ ಸೆಕೆಂಡ್ ತಡವಾಗಿ ಬರುತ್ತಾಳೆ. ತಡವಾಗಿ ಬಂದವಳ ಕಾಲು ಜಾಗಕ್ಕೆ ಸೇರಿರುವುದಿಲ್ಲ, ಹಾಗಾಗಿ ಕೈ ಚಾಚುತ್ತಾಳೆ. ಸೀಟಿ. ಒಂದು ಕ್ವಾರ್ಟರಿನಲ್ಲಿ ನಾಲ್ಕು ಟೀಮ್ ಫೌಲ್ ತುಂಬಿದ ಮೇಲೆ ಐದನೆಯದರಿಂದ ಅವರಿಗೆ ಎರಡೆರಡು ಫ್ರೀ ಥ್ರೋ. ಯಾರದಾದರೂ ಸ್ವಂತ ಐದು ಫೌಲ್ ಆದರೆ ಅವಳು ಆಟದಿಂದಲೇ ಹೊರಗೆ. ನೋಡುವವರಿಗೆ ಅದು ಒರಟು ಆಟ ಅನ್ನಿಸುತ್ತದೆ. ನನಗೆ ಅನ್ನಿಸುವುದು, ಅದು ಮೂಕ ಆಟ.

ಸ್ಕ್ರೀನ್ ವಿಷಯವನ್ನೇ ತಗೋ. ಬಾಲ್ ಇರುವವಳನ್ನು ನಿನ್ನ ಜೊತೆಗಾತಿ ಕಾಯುತ್ತಿದ್ದಾಳೆ. ಅವಳ ಕಣ್ಣು ಬಾಲ್ ಮೇಲೆ, ಎದುರಿನವಳ ಸೊಂಟದ ಮೇಲೆ. ನೀನು ಕಾಯುತ್ತಿರುವ ಹುಡುಗಿ ಮೆಲ್ಲಗೆ ಹೋಗಿ ಅವಳ ಬೆನ್ನ ಹಿಂದೆ ಗೋಡೆ ಹಾಗೆ ನಿಲ್ಲುತ್ತಾಳೆ. ಅದೇ ಸ್ಕ್ರೀನ್. ಇದು ಇಡೀ ಕೋರ್ಟಿನಲ್ಲಿ ಚೆನ್ನಾಗಿ ಕಾಣುವುದು ನಿನಗೆ ಮಾತ್ರ. ಕಾರು ರಿವರ್ಸ್ ತೆಗೆಯುವಾಗ ಹಿಂದೆ ನಿಂತವರು ಬಾಯಿ ಬಿಡಬೇಕು, ಗುದ್ದಿದ ಮೇಲೆ "ಸ್ಟಾಪ್" ಅಂದರೆ ಏನು ಬಂತು? ಹಾಗೇ "ಸ್ಕ್ರೀನ್" ಅನ್ನುವುದು ಅವಳ ಭುಜಕ್ಕೆ ತಗಲುವ ಮೊದಲೇ ಅವಳ ಕಿವಿಗೆ ಬೀಳಬೇಕು. ಬರೀ "ಸ್ಕ್ರೀನ್" ಅಂದರೂ ಸಾಲದು. ಲೆಫ್ಟೋ ರೈಟೋ ಹೇಳಬೇಕು, ಅದೂ ಅವಳ ಲೆಫ್ಟ್, ನಿನ್ನದಲ್ಲ. ಸ್ವಿಚ್ ಮಾಡುವುದಾದರೆ, ಅಂದರೆ ನೀವಿಬ್ಬರೂ ಕಾಯುವ ಹುಡುಗಿಯರನ್ನು ಅದಲುಬದಲು ಮಾಡಿಕೊಳ್ಳುವುದಾದರೆ, "ಸ್ವಿಚ್" ಅಂತ ಒಂದೇ ಮಾತು, ಅಷ್ಟು ಹೇಳಿ ನೀನು ಬಾಲಿಗೆ ಹೋಗಿಬಿಡಬೇಕು. ಹೇಳಿ ಅನುಮಾನಿಸಿದರೆ ಇಬ್ಬರೂ ಒಬ್ಬಳ ಹಿಂದೆ ಹೋಗುತ್ತೀರಿ, ಇನ್ನೊಬ್ಬಳು ರಿಂಗಿನ ಕೆಳಗೆ ಒಂಟಿಯಾಗಿ ನಿಂತಿರುತ್ತಾಳೆ.

ಉಳಿದದ್ದೂ ಇಷ್ಟೇ ಚಿಕ್ಕ ಮಾತುಗಳು. ಬಾಲ್ ಇರುವವಳನ್ನು ಕಾಯುವವಳು "ಬಾಲ್" ಅನ್ನಬೇಕು. ಪಕ್ಕದವಳು "ಹೆಲ್ಪ್ ಲೆಫ್ಟ್" ಅನ್ನಬೇಕು. ಎದುರಿನವಳು ಬಾಲ್ ಪುಟಿಸುವುದನ್ನು, ಅಂದರೆ ಡ್ರಿಬಲ್, ನಿಲ್ಲಿಸಿ ಬಾಲ್ ಎತ್ತಿಕೊಂಡರೆ "ಡೆಡ್ ಡೆಡ್" ಅಂತ ಐದೂ ಜನ ಕೂಗಬೇಕು, ಅವಳಿಗೆ ಇನ್ನು ಪಾಸೋ ಶಾಟೋ ಬಿಟ್ಟರೆ ಬೇರೆ ದಾರಿ ಇಲ್ಲ. ಅವಳು ರಿಂಗಿನ ಕಡೆ ಕೈಯಿಂದ ಬಾಲ್ ಬಿಟ್ಟ ಕೂಡಲೇ "ಶಾಟ್". ಆ ಕೂಗು ಬಿದ್ದರೆ ಎಲ್ಲರೂ ತಿರುಗಿ ಬಾಕ್ಸ್ ಔಟ್ ಮಾಡುತ್ತಾರೆ, ಅಂದರೆ ಎದುರಿನವರನ್ನು ಬೆನ್ನಿಗೆ ಹಾಕಿಕೊಂಡು ರಿಂಗಿನಿಂದ ದೂರ ತಡೆಯುತ್ತಾರೆ. ಬೀಳದಿದ್ದರೆ ಎಲ್ಲರೂ ತಲೆ ಎತ್ತಿ ಬಾಲ್ ನೋಡುತ್ತಾ ನಿಲ್ಲುತ್ತಾರೆ. ಎದುರಿನವರಿಗೆ ರೀಬೌಂಡ್ ಸಿಕ್ಕರೆ ಶಾಟ್ ಕ್ಲಾಕಿನಲ್ಲಿ, ಅಂದರೆ ಶಾಟ್ ಹಾಕಲು ಇರುವ 24 ಸೆಕೆಂಡಿನ ಗಡಿಯಾರದಲ್ಲಿ, ಮತ್ತೆ 14 ಸೆಕೆಂಡ್. ನೀವು 24 ಸೆಕೆಂಡ್ ಬೆವರು ಸುರಿಸಿದ್ದು ನೀರುಪಾಲು.

ನಿಮ್ಮ ಆಟದ ಹಳೇ ಕಥೆ ಒಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದರು. ಆಮೇಲೆ ಸ್ವಲ್ಪ ದಿನಕ್ಕೇ ಅಲ್ಲಿನ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಟೀಚರ್ ಹುಡುಗಿಯರಿಗೆ ಅದನ್ನು ಕಲಿಸಿದರು. 1893ರಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಮ್ಯಾಚ್ ಆಡಿಸಿದರು. ಆದರೆ ಹುಡುಗಿಯರಿಗೆ ಸುಸ್ತಾಗಬಾರದು, ಒರಟಾಗಬಾರದು ಅಂತ ಕೋರ್ಟನ್ನು ಮೂರು ಭಾಗ ಮಾಡಿದ್ದರು. ನಿನ್ನ ಭಾಗ ಬಿಟ್ಟು ನೀನು ಆಚೆ ಹೋಗುವ ಹಾಗಿಲ್ಲ. ಕೈಯಲ್ಲಿರುವ ಬಾಲ್ ಕಿತ್ತುಕೊಳ್ಳುವ ಹಾಗಿಲ್ಲ. 1896ರ ಏಪ್ರಿಲ್ 4ರಂದು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಹುಡುಗಿಯರು ಆಡಿದರು. ನೋಡಲು ಹೆಂಗಸರಿಗೆ ಮಾತ್ರ ಪ್ರವೇಶ. ಸ್ಟ್ಯಾನ್‌ಫರ್ಡ್ ಗೆದ್ದದ್ದು 2-1ರಿಂದ! ಆ ದಿನ ಸ್ಕೋರ್ ಬರೆದವರಿಗೆ ಎಂಥ ಆರಾಮು ನೋಡು.

ನಗಬೇಡ, ಅದರ ನೆರಳು ತುಂಬಾ ದಿನ ಉಳಿಯಿತು. ಅಮೆರಿಕದ ಕಾಲೇಜು ಹುಡುಗಿಯರಿಗೆ ಐದೈದು ಜನ ಇಡೀ ಕೋರ್ಟಿನಲ್ಲಿ ಓಡಾಡುವ ನಿಯಮ ಬಂದದ್ದು 1971ರಲ್ಲಿ. ಒಲಿಂಪಿಕ್ಸಿಗೆ ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಲ್ಲೇ ಬಂದಿತ್ತು, ಹೆಂಗಸರದು ಬಂದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಗೆರೆ ಹಾಕಿಟ್ಟ ಕಾಲದಲ್ಲಿ ಆಚೆ ಭಾಗದ ಗೆಳತಿ ಮುಗ್ಗರಿಸಿದರೂ ಈಚೆಯವಳು ಸುಮ್ನೆ ನಿಂತು ನೋಡಬೇಕಿತ್ತು. ನಿನ್ನ ಕೋರ್ಟಿನಲ್ಲಿ ಆ ಗೆರೆ ಇಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲ, ಅಷ್ಟೂ ನಿನ್ನದೇ. ನೀನು ನಿನ್ನ ಹುಡುಗಿಯನ್ನು ಮಾತ್ರ ಅಚ್ಚುಕಟ್ಟಾಗಿ ಕಾದು, ಬಾಯಿ ಮುಚ್ಚಿಕೊಂಡಿದ್ದರೆ ಆ ಗೆರೆಯನ್ನು ನೀನೇ ಮತ್ತೆ ಎಳೆದುಕೊಂಡ ಹಾಗೆ.

ನಿನಗೆ ಮಾತು ಬರುವುದಿಲ್ಲ ಅಂತಲ್ಲ, ನನಗೆ ಗೊತ್ತು. ಮನೆಯಲ್ಲಿ ರಿಮೋಟಿಗೆ ತಮ್ಮನ ಜೊತೆ ಜಗಳವಾಡುವಾಗ ನಿನ್ನ ದನಿ ಬೀದಿಗೆ ಕೇಳುತ್ತದೆ. ಕೋರ್ಟಿನಲ್ಲಿ ಸಂಕೋಚ. ತಪ್ಪು ಕೂಗಿಬಿಟ್ಟರೆ ಅಂತ ಭಯ. ಮೆಲ್ಲಗೆ ಮಾತಾಡು, ಜೋರಾಗಿ ನಗಬೇಡ ಅಂತ ಹುಡುಗಿಯರಿಗೆ ಎಲ್ಲ ಕಡೆ ಹೇಳುವವರೇ. ಹಾಗೆ ಬೆಳೆದವಳಿಗೆ ಇದ್ದಕ್ಕಿದ್ದಂತೆ ಕಿರುಚು ಅಂದರೆ ಗಂಟಲು ಹೇಗೆ ಬರಬೇಕು? ಅದಕ್ಕೇ ಸೀಸನ್ನಿಗೆ ಮುಂಚಿನ ಈ ವಾರಗಳು ಬೇಕು. ಈಗ ತಪ್ಪು ಕೂಗಿದರೆ ಯಾರೂ ಪಾಯಿಂಟ್ ಬರೆದುಕೊಳ್ಳುವುದಿಲ್ಲ. ಲೆಫ್ಟ್ ಅನ್ನುವ ಕಡೆ ರೈಟ್ ಅಂದೆ ಅಂದುಕೋ, ಗೆಳತಿ ಹೋಗಿ ಡಿಕ್ಕಿ ಹೊಡೆಯುತ್ತಾಳೆ, ಬೈಯುತ್ತಾಳೆ, ನಗುತ್ತೀರಿ, ಆಯಿತು. ತಪ್ಪು ಕೂಗನ್ನು ತಿದ್ದಬಹುದು. ಇಲ್ಲದ ಕೂಗನ್ನು ಹೇಗೆ ತಿದ್ದುವುದು?

ಮೇಡಂ ಹತ್ತಿರ ಕೇಳಿ ನೋಡು. ನಾಲ್ಕು ಜನಕ್ಕೆ ನಾಲ್ಕು ಜನ ನಿಂತು ಮಾಡುವ ಶೆಲ್ ಡ್ರಿಲ್‌ಗೆ ಒಂದು ಷರತ್ತು ಹಾಕಿಕೊಳ್ಳಿ. ಪ್ರತಿ ಪಾಸಿಗೂ ಕಾಯುವ ನಾಲ್ಕೂ ಜನ ತಾವೇನು ಮಾಡುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಒಬ್ಬಳು ಸುಮ್ಮನಿದ್ದರೂ ಎದುರಿನವರಿಂದ ಬಾಲ್ ತಪ್ಪಿಸಿದ್ದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ. ಇದನ್ನು ಪ್ರಾಕ್ಟೀಸಿನ ಶುರುವಿನಲ್ಲಿ ಮಾಡಬೇಡಿ. ಲೈನ್ ಓಟ ಮುಗಿಸಿ ಏದುಸಿರು ಬಿಡುವಾಗ ಮಾಡಿ. ಸುಸ್ತಾದವರಲ್ಲಿ ಮೊದಲು ನಿಲ್ಲುವುದು ಕಾಲಲ್ಲ, ಬಾಯಿ. ನಾಲ್ಕನೇ ಕ್ವಾರ್ಟರಿನಲ್ಲಿ ಎರಡೂ ಟೀಮು ಗಪ್‌ಚುಪ್ ಆಗುವುದು ಟೇಬಲ್ಲಿಗೆ ಎಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ ಗೊತ್ತಾ? ಬರೀ ಶೂ ಸದ್ದು, ಬಾಲ್ ಸದ್ದು. ಆಗ ಒಂದು ಟೀಮು ಮಾತು ಬಿಡದಿದ್ದರೆ ನಾನು ಮನಸ್ಸಿನಲ್ಲೇ ಅದರ ಮೇಲೆ ಪಂದ್ಯ ಕಟ್ಟಿಬಿಡುತ್ತೇನೆ.

ಹೊಸ ಹುಡುಗಿಯರು ನಾಲ್ವರು ಬಂದಿದ್ದಾರೆ ಅಂದೆಯಲ್ಲ. ಅವರಿಗೆ ನಿಮ್ಮ ಪ್ಲೇಗಳ, ಅಂದರೆ ಮೊದಲೇ ಹೆಣೆದಿಟ್ಟ ಆಟಗಳ, ಹೆಸರೇ ಇನ್ನೂ ಬಾಯಿಗೆ ಬಂದಿರುವುದಿಲ್ಲ. ಸೀನಿಯರ್ ನೀನೇ ತುಟಿ ಬಿಚ್ಚದಿದ್ದರೆ ಅವರು ಬಿಚ್ಚುತ್ತಾರಾ? ಬೆಂಚಿನಲ್ಲಿ ಕೂತವರಿಗೂ ಕೂಗುವುದನ್ನು ಕಲಿಸು. ಅಲ್ಲಿಂದ ಸ್ಕ್ರೀನ್ ಚೆನ್ನಾಗಿ ಕಾಣುತ್ತದೆ. ಒಬ್ಬಳು ಚೆನ್ನಾಗಿ ಶೂಟ್ ಮಾಡುತ್ತಾಳೆ, ನಿನ್ನ ಜಾಗಕ್ಕೆ ಬಂದರೂ ಬರಬಹುದು ಅಂತ ನಿನಗೊಂದು ಅಳುಕು ಇದೆ, ನೀನು ಹೇಳದಿದ್ದರೂ ಗೊತ್ತು. ಬರಲಿ ಬಿಡು. ಶೂಟಿಂಗಿನಲ್ಲಿ ಅವಳಿಗೆ ಒಳ್ಳೆ ದಿನ, ಕೆಟ್ಟ ದಿನ ಎರಡೂ ಇರುತ್ತವೆ. ಕೂಗುವುದಕ್ಕೆ ಕೆಟ್ಟ ದಿನ ಅಂತ ಇಲ್ಲ.

ಇನ್ನು ಮಂಡಿ ವಿಷಯ. ಇದನ್ನು ಅಪ್ಪನ ಹಳೇ ಪುರಾಣ ಅಂತ ಹಾರಿಸಿ ಓದಬೇಡ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಇದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಅದೂ ಯಾರೋ ಗುದ್ದಿ ಅಲ್ಲ. ಹೆಚ್ಚಿನ ಸಲ ಯಾರೂ ಮುಟ್ಟಿರುವುದಿಲ್ಲ. ರೀಬೌಂಡಿಗೆ ಹಾರಿ ಕೆಳಗೆ ಇಳಿಯುವಾಗ, ಓಡುತ್ತಾ ಗಕ್ಕನೆ ದಿಕ್ಕು ಬದಲಿಸುವಾಗ ಮಂಡಿ ಒಳಕ್ಕೆ ವಾಲುತ್ತದೆ, ಅಷ್ಟೇ. ಆಪರೇಷನ್ ಆದರೆ ಮತ್ತೆ ಕೋರ್ಟಿಗೆ ಇಳಿಯಲು ಒಂಬತ್ತು ತಿಂಗಳಾದರೂ ಬೇಕು. ನಿಮ್ಮಂಥವರಿಗೆ ಅದು ಒಂದಿಡೀ ಸೀಸನ್. ಹಾರಿ ಇಳಿಯುವುದು, ಒಂಟಿ ಕಾಲಿನ ಬ್ಯಾಲೆನ್ಸ್, ತೊಡೆಯ ಹಿಂಭಾಗದ ಕಸರತ್ತು, ಇವೆಲ್ಲ ಇರುವ ಹದಿನೈದು ಇಪ್ಪತ್ತು ನಿಮಿಷದ ವಾರ್ಮ್-ಅಪ್ ಬಿಡದೆ ಮಾಡಿದರೆ ಈ ಅಪಾಯ ಕಡಿಮೆಯಾಗುತ್ತದೆ. ಇಳಿಯುವಾಗ ಎರಡೂ ಕಾಲು ಊರು, ಮಂಡಿ ಬಗ್ಗಿಸು, ಮಂಡಿ ಕಾಲ್ಬೆರಳಿನ ನೇರಕ್ಕಿರಲಿ. ಸದ್ದಾಗದ ಹಾಗೆ ಇಳಿ. ಕೋರ್ಟಿನಲ್ಲಿ ನೀನು ಸದ್ದು ಮಾಡಬಾರದ ಒಂದೇ ಜಾಗ ಇದು. ತಡವಾಗಿ ಬಂದು ವಾರ್ಮ್-ಅಪ್ ತಪ್ಪಿಸಿ ನೇರ ಶೂಟಿಂಗಿಗೆ ನಿಲ್ಲುವ ಜೂನಿಯರ್ ಕಂಡರೆ ಕರೆದು ಹೇಳು. ಮುಖ ಊದಿಸಿಕೊಳ್ಳಲಿ, ಪರವಾಗಿಲ್ಲ.

ನೋವಾದರೂ ಹೇಳು. ತಲೆಗೆ ಪೆಟ್ಟು ಬಿದ್ದರಂತೂ ಆಗಲೇ ಹೇಳಿ ಹೊರಗೆ ಬಾ, ಆ ದಿನದ ಆಟ ಅಲ್ಲಿಗೆ ಮುಗಿಯಿತು. ಪಿರಿಯಡ್ಸ್ ತಿಂಗಳುಗಟ್ಟಲೆ ತಪ್ಪಿದರೆ "ಪ್ರಾಕ್ಟೀಸ್ ಜೋರಾಗಿದೆ, ಅದಕ್ಕೇ" ಅಂತ ಸುಮ್ಮನಾಗಬೇಡ. ಓಡುವಷ್ಟು ಓಡಿ ಅದಕ್ಕೆ ತಕ್ಕಷ್ಟು ತಿನ್ನದಿದ್ದರೆ ಹಾಗಾಗುತ್ತದೆ, ಆಮೇಲೆ ಮೂಳೆಗೂ ತೊಂದರೆ. ನನ್ನ ಹತ್ತಿರ ಹೇಳಲು ಮುಜುಗರವಾದರೆ ಅಮ್ಮನಿಗೆ ಹೇಳು, ಡಾಕ್ಟರಿಗೆ ತೋರಿಸು. ಸದ್ದಿಲ್ಲದೆ ಸಹಿಸಿಕೊಳ್ಳುವವಳಿಗೆ ಸ್ಕೋರ್‌ಶೀಟಿನಲ್ಲಿ ಯಾವ ಗುರುತೂ ಹಾಕುವುದಿಲ್ಲ ನಾವು.

ಶೂಟಿಂಗ್ ಬಗ್ಗೆ ನಾನೇನೂ ಹೇಳುವುದಿಲ್ಲ. ನಿನ್ನ ಮೊಣಕೈ ಚೆನ್ನಾಗಿಯೇ ಇದೆ. ಫ್ರೀ ಥ್ರೋ ಮಾತ್ರ ಪ್ರಾಕ್ಟೀಸಿನ ಕೊನೆಯಲ್ಲಿ, ಕಾಲು ನಡುಗುವಾಗ ಹಾಕು. ಮ್ಯಾಚಿನಲ್ಲಿ ಅದು ನಿನಗೆ ಸಿಗುವುದು ಹಾಗಿರುವಾಗಲೇ.

ಮೊದಲ ಪ್ರಾಕ್ಟೀಸ್ ಮ್ಯಾಚ್ ಯಾವತ್ತು ಅಂತ ಗೊತ್ತಾದ ಕೂಡಲೇ ಮೆಸೇಜ್ ಹಾಕು. ನಾನು ಬರುತ್ತೇನೆ, ಆದರೆ ಟೇಬಲ್ಲಿನಲ್ಲಿ ಕೂರುವುದಿಲ್ಲ. ಸ್ವಂತ ಮಗಳ ಫೌಲ್ ಬರೆಯುವ ಕರ್ಮ ನನಗೆ ಬೇಡ. ಗ್ಯಾಲರಿಯ ಕೊನೇ ಮೆಟ್ಟಿಲಲ್ಲಿ ಕೂರುತ್ತೇನೆ. ನಿನ್ನ "ಸ್ಕ್ರೀನ್ ಲೆಫ್ಟ್" ಅಲ್ಲಿಗೆ ಕೇಳಬೇಕು, ನೋಡು ಮತ್ತೆ. ಅಂದ ಹಾಗೆ, ಹೊಸ ಶೂ ಮ್ಯಾಚಿಗೆ ಅಂತ ಡಬ್ಬದಲ್ಲೇ ಇಟ್ಟಿದ್ದೀಯಂತೆ, ಅಮ್ಮ ಹೇಳಿದಳು. ಈಗಿನಿಂದಲೇ ಪ್ರಾಕ್ಟೀಸಿಗೆ ಹಾಕಿಕೋ. ಹೊಸ ಶೂ ಮೊದಲ ಮ್ಯಾಚಿನಲ್ಲೇ ಹಾಕಿದರೆ ಬೊಬ್ಬೆ ಏಳುವುದು ಗ್ಯಾರಂಟಿ.

ನಿನ್ನ
ಅಪ್ಪ