ಗುಂಪಿನಲ್ಲಿ ಸಿನಿಮಾ ಲಿಂಕ್ ಹಾಕಬೇಡಿ

ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ನಮ್ಮ ಗುಂಪಿನಲ್ಲಿ ಹೊಸ ಕನ್ನಡ ಸಿನಿಮಾದ ಟೆಲಿಗ್ರಾಂ ಲಿಂಕ್ ಬಂದಿತ್ತು. ಅಳಿಸಿದ್ದೇನೆ. ಇಳಿಸಿಕೊಂಡವರು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ನಾವೊಬ್ಬರು ನೋಡಿದರೆ ಏನಾಯಿತು ಅಂತ ಅನಿಸುತ್ತದೆ, ಅಲ್ವಾ? ಸಲಹಾ ಸಂಸ್ಥೆ ಇವೈ (EY) ಮತ್ತು ಇಂಟರ್ನೆಟ್ ಕಂಪನಿಗಳ ಸಂಘ ಐಎಎಂಎಐ (IAMAI) ಸೇರಿ ಮಾಡಿದ 2024ರ ವರದಿ ನೋಡಿ. 2023ರಲ್ಲಿ ನಮ್ಮ ದೇಶದಲ್ಲಿ ಪೈರಸಿ, ಅಂದರೆ ಕಳ್ಳ ಪ್ರತಿಗಳ ವ್ಯವಹಾರ 22,400 ಕೋಟಿ ರೂಪಾಯಿ. ಅದರಲ್ಲಿ 13,700 ಕೋಟಿ ಥಿಯೇಟರ್ ಸಿನಿಮಾಗಳದ್ದು, 8,700 ಕೋಟಿ ಒಟಿಟಿಯದ್ದು.

ದೊಡ್ಡ ಹೀರೋ ಸಿನಿಮಾ ಹೇಗೋ ತಡೆದುಕೊಳ್ಳುತ್ತದೆ. ಸಣ್ಣ ಸಿನಿಮಾಕ್ಕೆ ಮೊದಲ ಮೂರು ದಿನವೇ ಜೀವ. ಹುಬ್ಬಳ್ಳಿಯಲ್ಲಿ ಭಾನುವಾರವೂ ಸೀಟು ಖಾಲಿ ಉಳಿದರೆ ಸೋಮವಾರ ಆಟ ಕಡಿಮೆ ಮಾಡುತ್ತಾರೆ. ಮುಂದಿನ ವಾರ ಪೋಸ್ಟರೇ ಇರುವುದಿಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುವವರು, ಬೈಕ್ ನಿಲ್ಲಿಸಿಕೊಳ್ಳುವವರು, ಹೊರಗೆ ಗಿರ್ಮಿಟ್, ಮಿರ್ಚಿ ಮಾರುವ ಅಕ್ಕ, ಎಲ್ಲರ ದಿನದ ದುಡಿಮೆಗೂ ಪೆಟ್ಟು. ನನಗೆ ಜಾಸ್ತಿ ಸಂಕಟ ಆಗುವುದು ಇದೇ. ನಮ್ಮ ಭಾಗದ ಹುಡುಗರು ಸಾಲ ಮಾಡಿ ಸಿನಿಮಾ ಮಾಡುತ್ತಾರೆ, ಬಡ್ಡಿಯೂ ಹುಟ್ಟುವುದಿಲ್ಲ.

ಇನ್ನೊಂದು ಮಾತು. ಥಿಯೇಟರ್‌ನಲ್ಲಿ ಸುಮ್ನೆ ಸ್ಟೇಟಸ್‌ಗೆ ಅಂತ ಪರದೆ ರೆಕಾರ್ಡ್ ಮಾಡಬೇಡಿ, ಮಕ್ಕಳಿಗೂ ಹೇಳಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ಬಿಗಿಯಾಗಿದೆ. ಅನುಮತಿ ಇಲ್ಲದೆ ಸಿನಿಮಾ ರೆಕಾರ್ಡ್ ಮಾಡಿದ್ದು ಸಾಬೀತಾದರೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ.

ಆ ಸಿನಿಮಾಕ್ಕೆ ಭಾನುವಾರ ಸಂಜೆ ಒಟ್ಟಿಗೆ ಹೋಗೋಣ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಧಾರವಾಡದಿಂದ ಬರುವವರು ಎಷ್ಟು ಜನ ಅಂತಲೂ ತಿಳಿಸಿ.